ದುಂಡಪ್ಪ ಕಾಯ್ದೆ ಪಾಲಿಸಿದ್ದು

ಬನ್ನಿ, ಹತ್ತಿರ ಬನ್ನಿ. ನಗು ಬಂದರೆ ನಕ್ಕುಬಿಡಿ, ದುಂಡಪ್ಪ ಬೇಜಾರು ಮಾಡಿಕೊಳ್ಳುವವನಲ್ಲ.

ಗದುಗಿನ ಕಡೆ ಒಂದೂರಲ್ಲಿ ಸಾವಂತ್ರವ್ವ ಅಂತ ಒಬ್ಬಾಕೆ ಇದ್ದಳು. ಆಕೆಯದೊಂದು ರೊಟ್ಟಿ ಕೇಂದ್ರ. ಎಂಟು ಹೆಂಗಸರು ಕಟ್ಟೆಯ ಮುಂದೆ ನಿಂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಗಂಡ ತೀರಿಕೊಂಡು ಏಳು ವರ್ಷ. “ಒಂದಿನ ರಜಾ ಸಿಕ್ಕರ ನರಗುಂದಕ್ಕ ತಂಗಿ ಮನಿಗೆ ಹೋಗಿಬರ್ತೀನಿ” ಅನ್ನುತ್ತಲೇ ಆ ಪುಣ್ಯಾತ್ಮ ಹೋಗಿಬಿಟ್ಟಿದ್ದ. ಈಗ ಗೋಡೆಯ ಮೇಲೆ ಫೋಟೋದಲ್ಲಿ ನಿಂತಿದ್ದ. ಉಳಿದವನು ಒಬ್ಬನೇ ಮಗ, ಮೂವತ್ತು ತುಂಬಿದ ದುಂಡಪ್ಪ. ತಾಯಿಗೆ ಓದಲು ಬರದು. ಮಗನಿಗೆ ಓದಲು ಬರುತ್ತಿತ್ತು, ಅಷ್ಟೇ ಬರುತ್ತಿತ್ತು.

ಸರ್ಕಾರವೋ, ಕೆಲಸಕ್ಕೆ ಜನ ಇಟ್ಟುಕೊಂಡವರಿಗೆ ಒಂದರ ಹಿಂದೊಂದು ಹೊಸ ಕಾಯ್ದೆ ತರುತ್ತಿತ್ತು. ಒಂದನ್ನು ಅರಗಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಹಾಜರ್! ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಮೇಡಂ ಹೇಳಿಯೇ ಹೋಗಿದ್ದರು: “ದೀಪಾವಳಿ ಮುಂದ ಬರ್ತೀನಿ. ಕಾಯ್ದೆ ಪಾಲಿಸಿಲ್ಲಂದ್ರ ಕೇಂದ್ರಕ್ಕ ಬೀಗ!”

ಬೀಗ ಬಿದ್ದರೆ ಎಂಟು ಮನೆಯ ಒಲೆ ಆರಿದಂತೆ. ಸಾವಂತ್ರವ್ವ ಮಗನ ಮುಖ ನೋಡಿದಳು, ಮೇಲೆ ನೋಡಿದಳು. “ಇಂಥಾ ಮಗನ್ನ ಕೊಟ್ಟೆಲ್ಲೋ ಶಿವನೇ!”

ಮೊದಲು ಬಂದದ್ದು ಕಾಗದ. ಕೆಲಸದ ವೇಳೆ ಎಷ್ಟು, ವಾರದ ರಜೆ ಯಾವತ್ತು, ಎಲ್ಲ ಅದರಲ್ಲಿತ್ತು. “ದುಂಡಪ್ಪಾ, ಇದನ್ನ ಎಲ್ಲಾರ ಕಣ್ಣಿಗೆ ಬೀಳೋ ಜಾಗಾದಾಗ ಅಂಟಸಪಾ.”

“ಆತವ್ವಾ!”

ದುಂಡಪ್ಪ ನಿಂತು ನೋಡಿದ. ಯಾರಾದರೂ ಗೋಡೆ ನೋಡುತ್ತಾರಾ? ಇಲ್ಲ! ಬೆಳಗಿನಿಂದ ಸಂಜೆತನಕ ಎಲ್ಲರ ಕಣ್ಣೂ ರೊಟ್ಟಿ ಬಡಿಯುವ ಹಲಗೆಯ ಮೇಲೆ. ಎಂಟು ಪ್ರತಿ ಮಾಡಿಸಿದ, ಎಂಟು ಹಲಗೆಗೂ ಗಟ್ಟಿಯಾಗಿ ಅಂಟಿಸಿದ. ಹಿಟ್ಟಿನ ಹಸಿಗೆ ಮಸಿ ಬಿಟ್ಟಿತು. ಒಂದು ರೊಟ್ಟಿಯ ಮೇಲೆ ವಾರದ ರಜೆ ಉಲ್ಟಾ ಅಚ್ಚು, ಇನ್ನೊಂದರ ಮೇಲೆ ಕೆಲಸದ ವೇಳೆ ಉಲ್ಟಾ! ಹೆಂಗಸರು ಎರಡು ದಿನ ಉಗುರಿನಿಂದ ಕಾಗದ ಕೆರೆದರು. “ಇಲ್ಲೇನ ಬರದೈತೋ ದುಂಡಪ್ಪಾ?” ಅಂತ ಒಂದೊಂದು ಚೂರಿಗೂ ಕೇಳಿದರು. ಅವನು ಒಂದೊಂದನ್ನೂ ಓದಿ ಹೇಳಿದ.

“ಇಂಥಾ ಮಗನ್ನ ಕೊಟ್ಟೆಲ್ಲೋ ಶಿವನೇ! ಸರ್ಕಾರದ್ದು ಏನ ಬಂದ್ರೂ ಕಪಾಟಿನ್ಯಾಗಿಟ್ಟು ಕೀಲಿ ಹಾಕಬೇಕೋ ಹುಚ್ಚಪ್ಯಾ!”

“ಆತವ್ವಾ!”

ಮುಂದಿನ ತಿಂಗಳು ಇನ್ನೊಂದು ಕಾಯ್ದೆ. ಗಾಯಕ್ಕೆ, ಸುಟ್ಟದ್ದಕ್ಕೆ ಔಷಧಿ ಡಬ್ಬಿ ಇಡಬೇಕು. ಡಬ್ಬಿ ಬಂತು. ದುಂಡಪ್ಪ ಕಪಾಟಿನಲ್ಲಿಟ್ಟು ಕೀಲಿ ಹಾಕಿದ. ಸರ್ಕಾರದ ಸಾಮಾನಿನ ಕೀಲಿಕೈಯೂ ಸರ್ಕಾರದ್ದೇ ಅಲ್ಲವೇ? ಅದನ್ನೂ ಒಳಗಿಟ್ಟು ಬೀಗ ಒತ್ತಿದ. ಅವತ್ತೇ ರೊಟ್ಟಿ ಬಡಿಯುವ ಮಾಬೂಬಿಯ ಬೆರಳಿಗೆ ಒಲೆಯ ಮೇಲಿನ ಕಾದ ಹಂಚು ತಾಗಬೇಕೇ! ಎಲ್ಲರೂ ಸೇರಿ ಬೀಗ ಒಡೆದು ಮುಲಾಮು ತೆಗೆದರು.

“ಇಂಥಾ ಮಗನ್ನ ಕೊಟ್ಟೆಲ್ಲೋ ಶಿವನೇ! ಕಾಯ್ದಾದ ಸಾಮಾನು ಕೆಲಸದವರ ಕೈಯಾಗ ಇರಬೇಕೋ, ಕೈಯಾಗ!”

“ಆತವ್ವಾ!”

ಆಮೇಲೆ ಬಂತು ಕುರ್ಚಿ ಕಾಯ್ದೆ. ನಿಂತು ದುಡಿಯುವವರಿಗೆ ಅರ್ಧ ತಾಸು ಕೂತು ವಿಶ್ರಾಂತಿ. ಎಂಟು ಕುರ್ಚಿ ಬಂದವು. ದುಂಡಪ್ಪ ಒಬ್ಬೊಬ್ಬರ ಕೈಗೂ ಒಂದೊಂದು ಕೊಟ್ಟ. “ಹಿಡೀರಿ! ಕೆಳಗ ಇಡಬ್ಯಾಡ್ರಿ!” ಪಾಪ, ಎಡಗೈಯಲ್ಲಿ ಕುರ್ಚಿ, ಬಲಗೈಯಲ್ಲಿ ರೊಟ್ಟಿ!

“ಇಂಥಾ ಮಗನ್ನ ಕೊಟ್ಟೆಲ್ಲೋ ಶಿವನೇ! ಕುರ್ಚಿ ಇರೋದು ಕೂಡಾಕೋ! ಯಾರ ನಿಂತಿದ್ರೂ ಕೂಡಸು, ಅರ್ಧ ತಾಸು ಏಳಾಕ ಬಿಡಬ್ಯಾಡ!”

“ಆತವ್ವಾ!”

ದೀಪಾವಳಿ ಮುಂದೆ ಇನ್ಸ್‌ಪೆಕ್ಟರ್ ಮೇಡಂ ಬಂದೇಬಿಟ್ಟರು. ಫೈಲು ಹಿಡಿದು ಬಾಗಿಲಲ್ಲಿ ನಿಂತರು. ನಿಂತರಲ್ಲ, ಅದೇ ತಪ್ಪಾಯಿತು. ದುಂಡಪ್ಪ ಕುರ್ಚಿ ಹಿಡಿದು ಓಡಿಬಂದ.

“ಕೂಡ್ರಿ!”

“ನಾ ತಪಾಸಣಿಗೆ ಬಂದೀನಿ...”

“ಮೊದ್ಲ ಕೂಡ್ರಿ! ಅರ್ಧ ತಾಸು ಏಳಂಗಿಲ್ರಿ. ಕಾಯ್ದಾ ಐತ್ರಿ!”

ಸಾವಂತ್ರವ್ವನ ಜೀವ ಬಾಯಿಗೆ ಬಂತು. ಮುಗೀತು, ಬೀಗ ಬಿತ್ತು! ಮೇಡಂ ಏಳಲು ಹೋದರೆ ದುಂಡಪ್ಪ ಅಡ್ಡ. ಬೇರೆ ದಾರಿ ಕಾಣದೆ ಕೂತಲ್ಲಿಂದಲೇ ಕೇಳಿದರು, “ವಾರದ ರಜಾ ಎಂದು ಅಂತ ಗೊತ್ತೇನ್ರವಾ?”

“ಗೊತ್ರಿ! ಉಗರಿಲೆ ಕೆರದ ಕಲ್ತೀವ್ರಿ!” ಎಂಟೂ ಬಾಯಿ ಒಟ್ಟಿಗೆ.

“ಔಷಧಿ ಡಬ್ಬಿ?”

“ಬೀಗ ಒಡದ ತಗದೀವ್ರಿ. ಈಗ ಒಲಿ ಬಾಜೂಕ ಐತ್ರಿ” ಅಂದಳು ಮಾಬೂಬಿ.

“ವಿಶ್ರಾಂತಿ?” ಅಂತ ಕೇಳಿ, ಮೇಡಂ ತಾವು ಕೂತ ಕುರ್ಚಿ ನೋಡಿಕೊಂಡು ನಕ್ಕುಬಿಟ್ಟರು. “ಎಲ್ಲಾ ಕಡೆ ನೋಟಿಸು ಗ್ವಾಡಿಗೆ ಇರ್ತದವ್ವಾ. ಅದು ತಲಿಯೊಳಗ ಇದ್ದದ್ದು ಇಲ್ಲೇ ನೋಡಿದೆ.” ಸಹಿ ಹಾಕಿದರು. ಅರ್ಧ ತಾಸಾದ ಮೇಲೆಯೇ ಎದ್ದರು.

ಸಾವಂತ್ರವ್ವ ಮಗನ ಎರಡೂ ಕೆನ್ನೆ ಸವರಿ ಮೇಲೆ ನೋಡಿದಳು. “ಇಂಥಾ ಮಗನ್ನ ಕೊಟ್ಟೆಲ್ಲೋ ಶಿವನೇ!” ಮಾತು ಅದೇ. ಆದರೆ ಈ ಸಲ ಆಕೆ ಕೈ ಮುಗಿದಿದ್ದಳು.

ಮರುದಿನ ನೋಡಿದರೆ ಗೋಡೆಯ ಮೇಲೆ ಗಂಡನ ಫೋಟೋ ಇಲ್ಲ!

“ದುಂಡಪ್ಪಾ! ನಿಮ್ಮಪ್ಪ ಎಲ್ಲೋ?”

“ಏಳು ವರ್ಷದಿಂದ ನಿಂತಾನಲ್ಲವ್ವಾ. ಯಾರ ನಿಂತಿದ್ರೂ ಕೂಡಸು ಅಂದಿದ್ದೆಲ್ಲ, ಕೂಡಸೀನಿ.”

“ಎಲ್ಲಿ ಕೂಡಸೀಯೋ?”

“ಇಲ್ಲಿ ಕುರ್ಚಿ ಎಂಟೂ ತುಂಬಿದ್ವು. ಅಪ್ಪಗ ರಜಾನೂ ಬರೋದಿತ್ತು. ನರಗುಂದದ ಬಸ್ಸಿನ್ಯಾಗ ಕೂಡಸೀನಿ. ಕಿಟಕಿ ಬಾಜೂಕ. ಟಿಕೆಟ್ ತಗಸೀನಿ. ಅತ್ತಿ ಮನಿ ಎಲ್ಲೈತಿ ಅಂತ ಕಂಡಕ್ಟರಗ ಹೇಳೀನಿ.”

ಸಾವಂತ್ರವ್ವ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಫೋನು. ನರಗುಂದದಿಂದ ನಾದಿನಿ ಸೀತವ್ವ, ನಗುತ್ತಾಳೋ ಅಳುತ್ತಾಳೋ ತಿಳಿಯದು. “ವೈನೀ, ಅಣ್ಣ ಬಂದಾನ! ಕಂಡಕ್ಟರು ಮನಿತನಕ ತಂದ ಕೊಟ್ಟಾನ! ಸಂಜಿ ಬಸ್ಸಿಗೆ ಕಳಸ್ಲೇನು?”

ಸಾವಂತ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅವಸರ ಮಾಡಬ್ಯಾಡ ಸೀತವ್ವಾ. ಏಳು ವರ್ಷದ ರಜಾ ಐತಿ ನಿಮ್ಮಣ್ಣಂದು. ಇರಲಿ ನಾಕು ದಿನ.”

ನಾಲ್ಕು ದಿನವೇ! ದುಂಡಪ್ಪ ಟ್ರಂಕು ತೆಗೆದ, ಅಪ್ಪನ ಎರಡು ಧೋತರ, ಒಂದು ಟವೆಲ್ಲು ಚೀಲಕ್ಕೆ ತುರುಕಿದ, ಬಸ್‌ಸ್ಟ್ಯಾಂಡಿನ ಕಡೆ ಓಡಿದ.