ಮಡುವಿನ ಮೇಲೆ ಎತ್ತಿದ ಬಲೆ

ಇಂದುಮತಿ ಅಕ್ಕೋರು ಧಾರವಾಡದವರು. ಆಫ್ರಿಕಾದ ದೊಡ್ಡ ನದಿಯೊಂದರ ದಂಡೆಯ ಮೇಲಿದ್ದ ಅರವತ್ತು ಮನೆಗಳ ಮೀನುಗಾರರ ಊರಿಗೆ ಮೂವತ್ನಾಲ್ಕು ವರ್ಷಗಳಿಂದ ಹೋಗಿ ಬರುತ್ತಿದ್ದರು. ಜನ ಹೇಗೆ ಬದುಕುತ್ತಾರೆ, ತಮ್ಮನ್ನು ತಾವು ಹೇಗೆ ಆಳಿಕೊಳ್ಳುತ್ತಾರೆ ಎಂದು ನೋಡುವುದೇ ಅವರ ವಿದ್ಯೆ.

ಆ ವರ್ಷ ಪುಂಡಲೀಕ ಎಂಬ ಶಿಷ್ಯನೂ ಜೊತೆಗೆ ಬಂದಿದ್ದ. ಜಾಣನೇ. ಆದರೆ ಅವನಿಗೆ ತನ್ನ ಪ್ರಶ್ನಾವಳಿಯ ಮೇಲೆ ವಿಪರೀತ ನಂಬಿಕೆ.

ಮೂರು ತಿಂಗಳು ಮನೆಮನೆ ಸುತ್ತಿ, ಒಂದು ಬೆಳಿಗ್ಗೆ ಗುರುಗಳ ಮುಂದೆ ವರದಿ ಇಟ್ಟ.

"ಮುಗೀತ್ರೀ ಅಕ್ಕೋರ. ಈ ಊರಾಗ ಆಡಳಿತ ಅನ್ನೋದ ಇಲ್ಲ."

"ಹೌದಾ?"

"ನಿಮ್ಮ ಮುಖಂಡ ಯಾರು ಅಂತ ಅರವತ್ತೂ ಮನ್ಯಾಗ ಕೇಳೀನ್ರಿ. ಎಲ್ಲಾರೂ ನಕ್ಕರು. ಪಂಚಾಯ್ತಿ ಇಲ್ಲ, ಕಾಯ್ದೆ ಇಲ್ಲ, ದಂಡ ಇಲ್ಲ. ಅದಕ್ಕ 'ಇಲ್ಲ' ಅಂತ ಬರದೀನಿ."

ಮಧ್ಯಾಹ್ನದ ದೋಣಿಯಲ್ಲಿ ಆ ವರದಿ, ಅದನ್ನು ಕೇಳಿದ್ದ ಪಟ್ಟಣದ ಅಧಿಕಾರಿಗಳಿಗೆ ಹೋಗಬೇಕಿತ್ತು. ನದಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲವೆಂದಾದರೆ, ಮೀನು ಹಿಡಿಯುವ ಗುತ್ತಿಗೆಯನ್ನು ಹೊರಗಿನ ಕಂಪನಿಗೆ ಕೊಡಲು ಅಧಿಕಾರಿಗಳು ತಯಾರಾಗಿದ್ದರು. ಅರವತ್ತು ಮನೆಗಳ ಅನ್ನ ಆ ಒಂದು 'ಇಲ್ಲ'ದ ಮೇಲೆ ನಿಂತಿತ್ತು.

ಅಕ್ಕೋರು ವರದಿ ಓದಲಿಲ್ಲ. ಗೋಡೆಗೆ ತೂಗುಹಾಕಿದ್ದ ಬಲೆ ತೆಗೆದು ಅವನ ಕೈಗಿಟ್ಟರು.

"ಊಟಕ್ಕ ಒಂದು ಮೀನ ಹಿಡಕೊಂಡು ಬಾ. ಆ ಮಡುವಿನ್ಯಾಗ ಭಾಳ ಅದಾವ."

"ಯಾರನ್ನರ ಕೇಳಬೇಕೇನ್ರಿ?"

"ಕೇಳಾಕ ಯಾರದಾರ? ಯಾರೂ ಇಲ್ಲ ಅಂತ ನೀನ ಬರದೀಯಲ್ಲ."

ಪುಂಡಲೀಕ ದಂಡೆಗೆ ಇಳಿದ. ಮೇಲೆ ಅಂಗಳದಲ್ಲಿ ಹೆಂಗಸರು ಮೆಕ್ಕೆಜೋಳ ಕುಟ್ಟುತ್ತಿದ್ದರು. ಅಕ್ಕೋರು ಅವರ ನಡುವೆ ಹೋಗಿ ತಾವೂ ಒಂದು ಒನಕೆ ಹಿಡಿದರು.

ಮಡುವಿನ ತುಂಬ ಮರಿಮೀನು. ಅನ್ನ ಕುದಿಯುವಾಗಿನ ಹಾಗೆ ನೀರು ಮಿಸುಕಾಡುತ್ತಿತ್ತು. ಅವನು ಬಲೆಯನ್ನು ತೋಳಿಗೆ ಸುತ್ತಿಕೊಂಡು ಎಸೆಯಲು ಎತ್ತಿದ.

ಮೇಲೆ ಒಂದು ಒನಕೆ ನಿಂತಿತು.

ಇನ್ನೊಂದು ನಿಂತಿತು. ಆಮೇಲೆ ಎಲ್ಲವೂ. ದೋಣಿಯ ಬಿರುಕಿಗೆ ರಾಳ ಮೆತ್ತುತ್ತಿದ್ದವರ ಕೈ ನಿಂತಿತು. ಹರಟೆ ನಿಂತಿತು. ಅಳುತ್ತಿದ್ದ ಕೂಸನ್ನು ಯಾರೋ ಎದೆಗೆ ಹಾಕಿಕೊಂಡರು.

ಯಾರೂ ಕೂಗಲಿಲ್ಲ. ಯಾರೂ ಎದ್ದು ಬರಲಿಲ್ಲ. ಅವನನ್ನು ದುರುಗುಟ್ಟಿ ನೋಡಲೂ ಇಲ್ಲ. ಎಲ್ಲರೂ ನೀರನ್ನು ನೋಡುತ್ತಿದ್ದರು.

ಇಡೀ ಊರು ಉಸಿರು ಬಿಗಿಹಿಡಿದಿತ್ತು. ಎತ್ತಿದ ಕೈ ಪುಂಡಲೀಕನ ಮಾತು ಕೇಳಲಿಲ್ಲ. ಇಷ್ಟು ದೊಡ್ಡದೊಂದರ ಎದುರು ಅವನು ಜೀವಮಾನದಲ್ಲಿ ನಿಂತಿರಲಿಲ್ಲ.

ಮೆಲ್ಲಗೆ ಬಲೆ ಇಳಿಸಿದ.

ಒಂದು ಒನಕೆ ಬಿತ್ತು. ಇನ್ನೊಂದು ಬಿತ್ತು. ಹರಟೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರುವಾಯಿತು.

ನಸಿಲೆಲೆ ಎಂಬ ಅಜ್ಜಿ ಎದ್ದು ಬಂದು ಅವನ ಕೈಯಲ್ಲಿ ಒಂದು ಒಣಮೀನು ಇಟ್ಟಳು.

"ಮರಿಗಳು ಬೆಳೆಯಲಿ ಮಗನೇ. ನೆರೆ ಬಂದು ಇಳಿದ ಮೇಲೆ ಹಿಡಿಯುವೆಯಂತೆ."

"ಇದು ಯಾರ ಅಪ್ಪಣೆ, ಅಜ್ಜಿ?"

ಅಜ್ಜಿ ನಕ್ಕಳು. ನಕ್ಕು ತನ್ನ ಒರಳಿನತ್ತ ಹೋದಳು.

ಮಧ್ಯಾಹ್ನ ದೋಣಿ ಬಂತು. ಅಂಬಿಗ ವರದಿಗಾಗಿ ಕೈಚಾಚಿದ. "ನಾಳೆ ಕೊಡುತ್ತೇನೆ" ಎಂದು ಪುಂಡಲೀಕ ಅವನನ್ನು ಬರಿಗೈಯಲ್ಲಿ ಕಳಿಸಿದ. ಆಮೇಲೆ ಗುರುಗಳ ಹತ್ತಿರ ಬಂದು ನೆಲದ ಮೇಲೆ ಕುಳಿತ.

"ತಪ್ಪಾತ್ರೀ ಅಕ್ಕೋರ. ಆಡಳಿತ ಐತಿ ಅಂತ ಹೊಸದಾಗಿ ಬರೀತೀನಿ. ಆದ್ರ ಯಾರದು ಅಂತ ಬರೀಲಿ? ಅಧಿಕಾರಿಗಳು ಹೆಸರ ಕೇಳ್ತಾರ. ನೀವು ಅಲ್ಲೇ ಇದ್ರಿ. ನನ್ನ ತಡದವರು ಯಾರ್ರೀ?"

ಅಕ್ಕೋರು ಸೆರಗಿನಿಂದ ಬೆವರು ಒರೆಸಿಕೊಂಡರು.

"ಬಲೆ ಕೊಟ್ಟಾಕಿ ನಾನ. ಆದ್ರೂ ನೀ ಅದನ್ನ ಎತ್ತಿದ ಕೂಡಲೇ ನನ್ನ ಕೈಯಾಗಿನ ಒನಕಿನೂ ನಿಂತಿತ್ತು. ಅದನ್ನ ನಿಲ್ಲಿಸಿದವರು ಯಾರಂತ ನನಗೂ ಗೊತ್ತಿಲ್ಲ, ಪುಂಡಲೀಕ."