ಜಂಬಣ್ಣ ಇಳಿಸಿದ ಗಾಳಿ

ಮೂರು ಗುಡ್ಡ, ಮೂರು ಕೋಟೆ, ನಡುವೆ ಒಂದು ಹೊಳೆ. ಆ ಸೀಮೆಯಲ್ಲಿ ವರ್ಷಕ್ಕೊಮ್ಮೆ ಸೈಕಲ್ ಪಂದ್ಯ ನಡೆಯುತ್ತಿತ್ತು. ಡಾಂಬರು ರಸ್ತೆಯ ಪಂದ್ಯವಲ್ಲ ಮತ್ತೆ! ಕಲ್ಲು, ಮುಳ್ಳು, ಉಸುಕು ತುಂಬಿದ ಕಾಲುದಾರಿಯಲ್ಲಿ ದಪ್ಪ ಟೈರಿನ ಸೈಕಲ್ ತುಳಿದುಕೊಂಡು ಮೂರೂ ಕೋಟೆ ಮುಟ್ಟಿ ಬರಬೇಕು. ಅದೂ ಜೋಡಿಯಾಗಿ. ಇಬ್ಬರೂ ಒಟ್ಟಿಗೆ ಗೆರೆ ದಾಟಿದರೆ ಮಾತ್ರ ಗೆದ್ದ ಹಾಗೆ.

ಕೊಟ್ರೇಶ ಮತ್ತು ಜಂಬಣ್ಣ ಒಂದೇ ಓಣಿಯ ಗೆಳೆಯರು. ಇಬ್ಬರೂ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವರು. ಆ ವರ್ಷ ಪಂದ್ಯ ನಡೆಸುವವರು ಒಂದು ಮಾತು ಸಾರಿದ್ದರು. ಗೆದ್ದ ಜೋಡಿಗೆ ಕೋಟೆ ನೋಡಲು ಬರುವ ಸೈಕಲ್ ಸವಾರರಿಗೆ ದಾರಿ ತೋರಿಸುವ ಕಾಯಂ ಕೆಲಸ! ಕೊಟ್ರೇಶನಿಗೆ ಇನ್ನೇನು ಬೇಕು? ಭಟ್ಟಿಯ ಬಿಸಿಗೆ ಬೆಂದು ಅವನ ಅಂಗೈ ಚರ್ಮ ಸುಲಿದುಹೋಗಿತ್ತು. ಈ ಕೆಲಸ ಸಿಕ್ಕರೆ ಬದುಕು ಬದಲಾಗುತ್ತದೆ ಅಂತ ಅವನು ಹಗಲೂ ರಾತ್ರಿ ಅದನ್ನೇ ಧ್ಯಾನಿಸುತ್ತಿದ್ದ.

ಜಂಬಣ್ಣ ಮಾತು ಕಡಿಮೆಯ ಮನುಷ್ಯ. ಆದರೆ ಕೈ ಸುಮ್ಮನಿರದು. ತನ್ನ ಸೈಕಲ್ಲಿಗೆ ಎಣ್ಣೆ ಬಿಡುವಾಗ ಕೊಟ್ರೇಶನ ಸೈಕಲ್ಲಿಗೂ ಬಿಡುತ್ತಿದ್ದ, ತನ್ನ ಬ್ರೇಕು ಬಿಗಿ ಮಾಡುವಾಗ ಅವನದನ್ನೂ ಬಿಗಿ ಮಾಡುತ್ತಿದ್ದ. ಕೇಳುವುದಿಲ್ಲ, ಹೇಳುವುದಿಲ್ಲ. ತನ್ನದು ನಿನ್ನದು ಅನ್ನುವ ಭೇದವೇ ಅವನಿಗೆ ಗೊತ್ತಿರಲಿಲ್ಲ.

ಕೊಟ್ರೇಶನೂ ಕೆಟ್ಟವನಲ್ಲ. ಆದರೆ ಒಂದು ಚಾಳಿ ಇತ್ತು. ಕಣ್ಣಿಗೆ ಕಂಡದ್ದರ ಜೊತೆಗೆ ಕಾಣದ್ದೊಂದನ್ನು ತಾನೇ ಸೇರಿಸಿಕೊಳ್ಳುವುದು. ಹೆಂಡತಿ ನಕ್ಕರೆ ಯಾಕೆ ನಕ್ಕಳು, ಅಂಗಡಿಯವನು ಬೇಗ ಸಾಮಾನು ಕಟ್ಟಿಕೊಟ್ಟರೆ ಯಾಕಿಷ್ಟು ಅವಸರ. ಹೀಗೆ!

ಪಂದ್ಯದ ಹಿಂದಿನ ಸಂಜೆ ಅವನು ಒಂದು ನೋಟ ಕಂಡ. ಹೊಳೆಯಾಚೆಯ ಊರಿನ ಹುಲಿಗೆಮ್ಮ ಬೇವಿನ ಮರದಡಿ ನಿಂತು ಜಂಬಣ್ಣನ ಹತ್ತಿರ ಮೆಲ್ಲಗೆ ಏನೋ ಹೇಳುತ್ತಿದ್ದಳು. ಹುಲಿಗೆಮ್ಮ ಮತ್ತು ಅವಳ ತಂಗಿ ತಿಪ್ಪಮ್ಮ ಪಂದ್ಯದಲ್ಲಿ ಇವರಿಗೆ ಎದುರಾಳಿಗಳು. ಜಂಬಣ್ಣ ತಲೆಯಾಡಿಸಿದ. ಇಬ್ಬರೂ ನಕ್ಕರು. ಕೊಟ್ರೇಶನನ್ನು ಕಂಡು ಹುಲಿಗೆಮ್ಮ ಹೊರಟುಹೋದಳು.

'ನನ್ನ ಕಂಡ ಕೂಡಲೇ ಯಾಕೆ ಹೋದಳು?' ಅಂದುಕೊಂಡ ಕೊಟ್ರೇಶ. ಕತ್ತಲಾಗುತ್ತಿತ್ತು, ಮನೆಗೆ ಹೋದಳಪ್ಪಾ! ಆದರೆ ಇವನಿಗೆ ಯಾರು ಹೇಳಬೇಕು?

ಬೆಳಿಗ್ಗೆ ಇನ್ನೊಂದು ನೋಟ. ಜಂಬಣ್ಣ ಕೊಟ್ರೇಶನ ಸೈಕಲ್ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಬೆರಳು ವಾಲ್ವ್ ಮೇಲಿತ್ತು. ಸುಸ್ ಅಂತ ಗಾಳಿ ಹೊರಬಿತ್ತು. ಜಂಬಣ್ಣ ಟೈರು ಅದುಮಿ ನೋಡಿ, ಕೈ ಒರೆಸಿಕೊಂಡು ಚಹಾ ಕುಡಿಯಲು ಹೋದ.

ಕೊಟ್ರೇಶ ಓಡಿಹೋಗಿ ಟೈರು ಅದುಮಿದ, ಮೆತ್ತಗಿತ್ತು. ಗಾಳಿ ಇಳಿಸಿದ! ನನ್ನ ಗೆಳೆಯ ನನ್ನ ಗಾಲಿಯ ಗಾಳಿ ಇಳಿಸಿದ! ಆ ಹುಲಿಗೆಮ್ಮನ ಜೊತೆ ಸೇರಿ ನನ್ನನ್ನು ಸೋಲಿಸಲು ಹೊರಟಿದ್ದಾನೆ. ಹಾಗಾದರೆ ಇವನೂ ಸೋಲುತ್ತಾನಲ್ಲ? ಅದಕ್ಕೆ ಏನು ಕೊಟ್ಟಿದ್ದಾಳೋ, ಯಾವ ಆಸೆ ತೋರಿಸಿದ್ದಾಳೋ!

ಕೇಳಬಹುದಿತ್ತು. "ಯಾಕಲೇ ಗಾಳಿ ಬಿಟ್ಟೆ?" ಅಷ್ಟೇ ಮಾತು. ಕೇಳಲಿಲ್ಲ. ಕೇಳಿದರೆ ಹುಷಾರಾಗಿಬಿಡುತ್ತಾನೆ ಅಂದುಕೊಂಡು ಬಾಯಿ ಮುಚ್ಚಿಕೊಂಡ.

ಪಂದ್ಯ ಶುರುವಾಯಿತು. ಮೊದಲ ಗುಡ್ಡದ ಏರಿನಲ್ಲಿ ಇವರದೇ ಜೋಡಿ ಮುಂದೆ. ಆದರೂ ಕೊಟ್ರೇಶನಿಗೆ ಸಮಾಧಾನವಿಲ್ಲ. ಗಾಲಿ ಮೆತ್ತಗಿದೆ, ತುಳಿಯಲು ಭಾರ ಅನ್ನಿಸುತ್ತಿತ್ತು. "ನೀನು ಮುಂದೆ ಹೋಗಲೇ, ನಾ ಹಿಂದಿರ್ತೀನಿ" ಅಂದ ಜಂಬಣ್ಣ. ಹಿಂದೆ ಯಾಕೆ? ನಾನು ಬೀಳೋದನ್ನ ನೋಡೋಕಾ? ಕೊಟ್ರೇಶ ಮಾರಿಗೊಮ್ಮೆ ತಿರುಗಿ ನೋಡುತ್ತಾ ತುಳಿದ.

ಮೊದಲ ಕೋಟೆ ಬಂತು. ಬಾಗಿಲ ಒಳಗೆ ಹೋಗಿ ಅಂಗೈಗೆ ಮುದ್ರೆ ಹಾಕಿಸಿಕೊಳ್ಳಬೇಕು. ಕೊಟ್ರೇಶ ಬೇಗ ಹಾಕಿಸಿಕೊಂಡು ಹೊರಗೆ ಓಡಿಬಂದ. ಜಂಬಣ್ಣ ಇನ್ನೂ ಒಳಗಿದ್ದ, ಅವನ ಚೀಲ ಸೈಕಲ್ಲಿಗೇ ನೇತಾಡುತ್ತಿತ್ತು. ಕೊಟ್ರೇಶ ಚೀಲದಿಂದ ಪಂಪ್ ತೆಗೆದು ತನ್ನ ಎರಡೂ ಗಾಲಿಗೆ ಗಾಳಿ ಹೊಡೆದ. ಕಲ್ಲಿನಂತೆ ಗಟ್ಟಿಯಾಗುವ ತನಕ ಹೊಡೆದ. ಅಷ್ಟರಲ್ಲಿ ಕೋಟೆ ಬಾಗಿಲಲ್ಲಿ ಜಂಬಣ್ಣನ ಚಪ್ಪಲಿ ಸಪ್ಪಳ! ಪಂಪನ್ನು ಚೀಲಕ್ಕೆ ಹಾಕಲು ಹೊತ್ತಿಲ್ಲ. ಗಾಬರಿಯಲ್ಲಿ ಪಕ್ಕದ ತಂಗಡಿ ಪೊದೆಯೊಳಗೆ ಎಸೆದುಬಿಟ್ಟ.

"ಹೊರಡಾಣೇನು?" ಅಂದ ಜಂಬಣ್ಣ.

"ನಡೀ ನಡೀ" ಅಂದ ಕೊಟ್ರೇಶ. ಒಳಗೊಳಗೆ ಹಿಗ್ಗಿದ. ನಿನ್ನ ಆಟ ನನ್ನ ಹತ್ತಿರ ನಡೆಯಲ್ಲ ಮಗನೇ!

ಇಳಿಜಾರಿನಲ್ಲಿ ಗಾಲಿಗಳು ಬುರ್ರನೆ ಓಡಿದವು. ಕೆಳಗೆ ಹೊಳೆ. ಹೊಳೆ ದಾಟುವ ಕಡೆ ಅಗಲವಾದ ಬಂಡೆ, ಅದರ ಮೇಲೆ ತೆಳ್ಳಗೆ ನೀರು, ಹಸಿರು ಪಾಚಿ. ಕೊಟ್ರೇಶ ಬಂಡೆ ಹತ್ತಿದ್ದೇ ತಡ, ಗಟ್ಟಿ ಗಾಲಿ ಸರ್ರನೆ ಜಾರಿತು. ಸೈಕಲ್ ಒಂದು ಕಡೆ, ಅವನೊಂದು ಕಡೆ. ಚೂಪುಗಲ್ಲಿಗೆ ಬಡಿದ ಮುಂದಿನ ಟೈರು ಟಪ್ಪೆಂದಿತು.

ಜಂಬಣ್ಣ ಅದೇ ಬಂಡೆ ಮೇಲೆ ಒಂದಿಷ್ಟೂ ಜಾರದೆ ಬಂದು ಇಳಿದ. "ಪೆಟ್ಟಾಯ್ತೇನಲೇ?" ಅಂತ ಅವನನ್ನು ಎಬ್ಬಿಸಿ ಕೂರಿಸಿ, ಗಾಲಿ ಬಿಚ್ಚಲು ಕೂತ.

ಹಿಂದಿನಿಂದ ಅಕ್ಕತಂಗಿಯರ ಜೋಡಿ ಬಂತು. ಹುಲಿಗೆಮ್ಮ ಬ್ರೇಕ್ ಹಿಡಿದು ನಿಂತಳು.

"ಅಯ್ಯೋ, ಬಿದ್ದಿಯೇನಣ್ಣಾ! ಜಂಬಣ್ಣಾ, ಬಂಡೆ ಜಾರತೈತೆ, ಗಾಳಿ ಕಮ್ಮಿ ಇಟ್ಕೊಳ್ರಿ ಅಂತ ನಿನ್ನೆ ಸಂಜೇನೇ ಹೇಳಿದ್ನಲ್ಲ? ಮೆತ್ತಗಿದ್ರೆ ಗಾಲಿ ಕಲ್ಲು ಹಿಡೀತದೆ."

"ಇಳಿಸಿದ್ದೆ ತಂಗಿ. ಮೊದಲು ನಂದು, ಆಮೇಲೆ ಇವಂದು. ಹೆಂಗೆ ಗಟ್ಟಿಯಾಯ್ತೋ!"

ಕೊಟ್ರೇಶ ನೋಡಿದ್ದು ತನ್ನ ಗಾಲಿಯ ಗಾಳಿ ಇಳಿಸಿದ್ದನ್ನು ಮಾತ್ರ. ಅದಕ್ಕಿಂತ ಮೊದಲು ಜಂಬಣ್ಣ ತನ್ನ ಗಾಲಿಯದನ್ನೂ ಇಳಿಸಿಕೊಂಡಿದ್ದನ್ನು ನೋಡಿರಲಿಲ್ಲ.

"ಪಂಪ್ ಬೇಕಾ? ನಮ್ಮದು ಕೊಟ್ಟು ಹೋಗ್ಲಾ?" ಅಂದಳು ಹುಲಿಗೆಮ್ಮ.

"ಬ್ಯಾಡ ತಾಯಿ, ನನ್ನ ಚೀಲದಾಗೇ ಐತೆ. ನೀವು ಹೋಗ್ರಿ, ತಡ ಆಗ್ತೈತೆ."

ಆಗಲಾದರೂ ಬಾಯಿ ಬಿಡಬೇಕಿತ್ತಲ್ಲವಾ? ಪಂಪ್ ಚೀಲದಲ್ಲಿಲ್ಲ ಅಂತ ಅವನೊಬ್ಬನಿಗೇ ಗೊತ್ತು. ನಾಲಿಗೆ ತುದಿಗೆ ಬಂದ ಮಾತನ್ನು ಕೊಟ್ರೇಶ ನಾಚಿಕೆಗೆ ನುಂಗಿಕೊಂಡ. ಅಕ್ಕತಂಗಿಯರು ಹೊಳೆ ದಾಟಿ ಎರಡನೇ ಗುಡ್ಡದ ತಿರುವಿನಲ್ಲಿ ಮರೆಯಾದರು.

ಜಂಬಣ್ಣ ಟ್ಯೂಬಿಗೆ ಪ್ಯಾಚ್ ಅಂಟಿಸಿದ. ಚೀಲಕ್ಕೆ ಕೈ ಹಾಕಿದ. ತಡಕಾಡಿದ. ಚೀಲ ಬೋರಲು ಹಾಕಿ ಕೊಡವಿದ. ಪಂಪ್ ಇಲ್ಲ. ಅವನ ಮುಖ ಸಣ್ಣದಾಯಿತು.

"ಎಲ್ಲೋ ಬೀಳಿಸಿಬಿಟ್ಟೆ ಕಣಲೇ ಕೊಟ್ರ. ಚೀಲದ ಬಾಯಿ ಸರಿಯಾಗಿ ಕಟ್ಟಿಲ್ಲ ನಾನು. ಆ ಕೆಲಸದ ಮೇಲೆ ನೀನು ಎಷ್ಟು ಆಸೆ ಇಟ್ಕೊಂಡಿದ್ದೆ... ನನ್ನಿಂದಾನೇ ಹೋಯ್ತು. ತಪ್ಪಾಯ್ತಲೇ."

ಆ ಮಾತನ್ನು ಕೊಟ್ರೇಶನಿಗೆ ತಡೆದುಕೊಳ್ಳಲಾಗಲಿಲ್ಲ. ಅತ್ತುಬಿಟ್ಟ. ಅಳುತ್ತಲೇ ಬೇವಿನ ಮರದ ಪಿಸುಮಾತಿನಿಂದ ಹಿಡಿದು ತಂಗಡಿ ಪೊದೆಯ ತನಕ ಎಲ್ಲ ಹೇಳಿದ.

ಜಂಬಣ್ಣ ಬಯ್ಯಲಿಲ್ಲ. ಕೊಡವಿದ ಸಾಮಾನನ್ನು ಚೀಲಕ್ಕೆ ತುಂಬಿದ. ಆಮೇಲೆ, "ನನ್ನನ್ನ ಒಂದು ಮಾತು ಕೇಳಿದ್ರೆ ಆಗ್ತಿರಲಿಲ್ಲೇನಲೇ?" ಅಂದ. ಅಷ್ಟೇ. ಎದ್ದು ಸೈಕಲ್ ಹಿಡಿದುಕೊಂಡ. ಕೊಟ್ರೇಶನ ಜೊತೆ ನಡೆದೇ ಮತ್ತೆ ಮೊದಲ ಗುಡ್ಡ ಹತ್ತಿದ. ಪೊದೆಯಿಂದ ಪಂಪ್ ತೆಗೆದು, ಗಾಳಿ ತುಂಬಿ, ಮತ್ತೆ ಹೊಳೆಗಿಳಿದು, ಉಳಿದೆರಡು ಕೋಟೆ ಮುಟ್ಟಿ ಬರುವಷ್ಟರಲ್ಲಿ ಪೆಂಡಾಲು ಬಿಚ್ಚುತ್ತಿದ್ದರು. ದಾರಿ ತೋರಿಸುವ ಕೆಲಸ ಹುಲಿಗೆಮ್ಮ, ತಿಪ್ಪಮ್ಮರ ಪಾಲಾಗಿತ್ತು. ಇವರಿಬ್ಬರೂ ಮಾರನೇ ದಿನ ಮತ್ತೆ ಭಟ್ಟಿಗೆ ಹೋದರು.

ಗೆಳೆತನ ಮುರಿಯಿತಾ ಅಂತ ಕೇಳುತ್ತೀರಿ. ಇಲ್ಲ. ಜಂಬಣ್ಣ ಅಂಥವನಲ್ಲ. ಮುಂದಿನ ಭಾನುವಾರವೂ ಇಬ್ಬರೂ ಸೈಕಲ್ ತೆಗೆದರು. ಕೊಟ್ರೇಶನ ಚೈನು ಕಿರ್ ಅನ್ನುತ್ತಿತ್ತು. ಜಂಬಣ್ಣ ಎಣ್ಣೆ ಡಬ್ಬಿ ಹಿಡಿದು ಎಂದಿನಂತೆ ಕೈ ಚಾಚಿದ. ಚಾಚಿದ ಕೈ ಅರ್ಧಕ್ಕೇ ನಿಂತಿತು.

"ಕೊಟ್ರ, ಮುಟ್ಲೇನು?" ಅಂತ ಕೇಳಿದ.

"ಇದೇನಲೇ, ಮುಟ್ಟು. ಅದಕ್ಕೇನು ಕೇಳೋದು!" ಅಂದ ಕೊಟ್ರೇಶ.

ಜಂಬಣ್ಣ ನಕ್ಕು ಎಣ್ಣೆ ಬಿಟ್ಟ. ಆದರೆ ಅಂದಿನಿಂದ ಇಂದಿನವರೆಗೂ ಅವನು ಕೇಳದೆ ಕೊಟ್ರೇಶನ ಸೈಕಲ್ ಮುಟ್ಟಿಲ್ಲ. ಹೋದ ಕೆಲಸವನ್ನು ಕೊಟ್ರೇಶ ಎಂದೋ ಮರೆತ. ಆ "ಮುಟ್ಲೇನು" ಮಾತ್ರ ಪ್ರತಿ ಸಲವೂ ಅವನನ್ನು ಚುಚ್ಚುತ್ತದೆ.

ನೀತಿ: ನಮ್ಮವರ ಮೇಲೆ ಅನುಮಾನ ಬಂದರೆ ಬಚ್ಚಿಟ್ಟುಕೊಳ್ಳದೆ ಅವರನ್ನೇ ಕೇಳಿಬಿಡಬೇಕು. ಕೇಳದೆ ಮಾಡಿದ ತಪ್ಪಿಗೆ ಕ್ಷಮೆ ಸಿಕ್ಕರೂ ಸಿಗಬಹುದು, ಮೊದಲಿನ ಸಲಿಗೆ ಮಾತ್ರ ಸಿಗುವುದಿಲ್ಲ.