ಸಾಹೇಬರ ಹೆಸರಿನಲ್ಲಿ

"ಗುರುಗಳೇ, ಜಡ್ಜ್ ಸಾಹೇಬರಿಗೆ ಕೊಡಬೇಕೆಂದು ಹೇಳಿ ಕಕ್ಷಿದಾರರಿಂದ ಹಣ ಪಡೆಯುತ್ತೇನೆ. ಸಾಹೇಬರಿಗೆ ಅದರ ಸುಳಿವೂ ಇರುವುದಿಲ್ಲ. ಕೇಸು ಗೆದ್ದರೆ ಇಟ್ಟುಕೊಳ್ಳುತ್ತೇನೆ, ಸೋತರೆ ಮರಳಿಸುತ್ತೇನೆ. ಲಂಚ ಯಾರಿಗೂ ಮುಟ್ಟಲಿಲ್ಲ, ನ್ಯಾಯವೂ ಕೆಡಲಿಲ್ಲ. ತಪ್ಪೆಲ್ಲಿ ಬಂತು?" ಎಂದು ವಕೀಲನಾಗಿದ್ದ ಶಿಷ್ಯನೊಬ್ಬ ಕೇಳಿದ. ಹಣ ಮರಳಿಸುತ್ತಾನೆಂಬ ಕಾರಣಕ್ಕೆ ಅವನನ್ನು ಪ್ರಾಮಾಣಿಕನೆಂದು ಹೊಗಳುವವರೂ ಊರಿನಲ್ಲಿದ್ದರು.

ಗುರುಗಳು ಹೇಳಿದರು:

ಒಬ್ಬಳು ಹೂವಾಡಗಿತ್ತಿ. ಗಂಡ ತೀರಿಕೊಂಡ ಮೇಲೆ ಮೈದುನ ಅವಳ ಮನೆಗೆ ಬೀಗ ಜಡಿದ. ಅವಳು ವಕೀಲನೊಬ್ಬನನ್ನು ಹಿಡಿದಳು. ಕಾಗದಪತ್ರಗಳೆಲ್ಲ ಅವಳ ಪರವಾಗಿಯೇ ಇದ್ದವು. ವಕೀಲ ಅದನ್ನು ಮೊದಲ ದಿನವೇ ಕಂಡುಕೊಂಡ. ಅವಳಿಗೆ ಮಾತ್ರ ಹೇಳಲಿಲ್ಲ. ತೀರ್ಪು ಹತ್ತಿರ ಬಂದಾಗ, "ಸಾಹೇಬರು ಬರಿಗೈಯಲ್ಲಿ ಬರೆಯುವವರಲ್ಲ, ತಾಯಿ" ಎಂದ. ಅವಳು ಕಿವಿಯ ಓಲೆ ಮಾರಿ ತಂದಳು. ನಂಬಿಕೆ ಬರಲೆಂದು ಅವಳನ್ನು ರಸ್ತೆಯಾಚೆ ನಿಲ್ಲಿಸಿ ವಕೀಲ ಸಾಹೇಬರ ಬಂಗಲೆಯ ಗೇಟು ದಾಟಿದ. ಒಳಗೆ ಜವಾನನನ್ನು ಕೇಳಿ ಒಂದು ಲೋಟ ನೀರು ಕುಡಿದ. ಬಾಯಿ ಒರೆಸಿಕೊಂಡು ಹೊರಗೆ ಬಂದು, "ಆಯಿತು" ಎಂದ.

ಆ ಸಾಹೇಬರಾದರೋ ಪರರ ಮನೆಯ ಎಳನೀರನ್ನೂ ಮುಟ್ಟದ ಮನುಷ್ಯ. ಎರಡು ರಾತ್ರಿ ಕೂತು ಕಡತ ಓದಿದರು. ಮನೆ ಅವಳದೇ ಎಂದು ಬರೆದರು.

ಹೂವಾಡಗಿತ್ತಿ ಮನೆ ಹೊಕ್ಕಳು. ಸಾಹೇಬರ ಕಾರು ಬೀದಿಯಲ್ಲಿ ಹಾದಾಗಲೆಲ್ಲ ಪಕ್ಕಕ್ಕೆ ತಿರುಗಿ ಉಗಿಯುತ್ತಿದ್ದಳು. ಸತ್ಯ ತನ್ನ ಕಡೆಗಿತ್ತೆಂದು ಅವಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಕೊಂಡುಕೊಂಡೆ ಎಂದೇ ತಿಳಿದಳು.

ವರ್ಷದೊಳಗೆ ನೆರೆಮನೆಯವಳ ಹಿತ್ತಿಲನ್ನು ಅವಳ ದಾಯಾದಿಗಳು ನುಂಗಿದರು. ಅವಳ ಪತ್ರಗಳೂ ಗಟ್ಟಿಯಾಗಿದ್ದವು. ಕೋರ್ಟಿಗೆ ಹೋಗಲೇ ಎಂದು ಹೂವಾಡಗಿತ್ತಿಯನ್ನು ಕೇಳಿದಳು.

"ಮಾರೋದಕ್ಕೆ ಏನಾದರೂ ಇದೆಯೇನೇ ಅಕ್ಕಾ? ಇದ್ದರೆ ಹೋಗು. ಇಲ್ಲದಿದ್ದರೆ ಅವರು ಬಿಟ್ಟಷ್ಟರಲ್ಲಿ ಒಲೆ ಹೂಡಿಕೋ" ಎಂದಳು ಹೂವಾಡಗಿತ್ತಿ. ಮೋಸದ ಮಾತಲ್ಲ ಅದು, ಕನಿಕರದಿಂದಲೇ ಹೇಳಿದ್ದಳು.

ನೆರೆಯವಳ ಬಳಿ ಮಾರಲು ಏನೂ ಇರಲಿಲ್ಲ. ಪತ್ರಗಳನ್ನು ಮಡಿಚಿ ಅಕ್ಕಿಯ ಡಬ್ಬಿಯ ತಳಕ್ಕೆ ಹಾಕಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಹೂವಾಡಗಿತ್ತಿಯ ಹಣವನ್ನು ಬಡ್ಡಿ ಸಮೇತ ಮರಳಿಸಿದರೆ ಆ ವಕೀಲನ ಪಾಪ ತೊಳೆದುಹೋಗುವುದೇ ಎಂದು ಕೇಳಿದ.

"ಕೊಡಲಪ್ಪಾ, ಕೋರ್ಟಿನ ಮೆಟ್ಟಿಲನ್ನೇ ಹತ್ತದೆ ಸೋತವಳ ಮನೆ ಬಾಗಿಲಿಗೆ ಅವನು ಏನು ಹಿಡಿದುಕೊಂಡು ಹೋಗುತ್ತಾನೆ?" ಎಂದರು ಗುರುಗಳು.